ಹಾಕಿದ ಫೋಟೊ ಎಲ್ಲಿ ಹೋಯಿತು? ಬರಹದೊಳಗೆ ಚಿತ್ರ ಉಳಿಯುವಂತೆ ಮಾಡುವ ಬಗೆ

ಪ್ರಶ್ನೆ: ನಾನು ನಿವೃತ್ತ ಶಾಲಾ ಶಿಕ್ಷಕಿ. ನಮ್ಮ ತಾಲ್ಲೂಕಿನ ವೀರಗಲ್ಲು, ಮಾಸ್ತಿಕಲ್ಲುಗಳ ಬಗ್ಗೆ ಬಹಳ ವರ್ಷಗಳಿಂದ ಆನ್‌ಲೈನ್‌ನಲ್ಲಿ ಬರೆಯುತ್ತಿದ್ದೇನೆ. ಪ್ರತಿ ಬರಹದಲ್ಲೂ ನಾನೇ ತೆಗೆದ ಫೋಟೊಗಳಿದ್ದವು. ಈಗ ಹಳೆಯ ಬರಹ ತೆರೆದರೆ ಫೋಟೊ ಇದ್ದ ಕಡೆ ಹರಿದ ಕಾಗದದಂಥ ಸಣ್ಣ ಗುರುತು ಮಾತ್ರ ಕಾಣುತ್ತದೆ. ಹೊಸ ಬರಹಕ್ಕೆ ಗೂಗಲ್ ಫೋಟೋಸ್‌ನಿಂದ ಲಿಂಕ್ ಹಾಕಿದೆ. ನನಗೆ ಕಾಣುತ್ತದೆ, ಓದುಗರಿಗೆ ಕಾಣುವುದಿಲ್ಲವಂತೆ. ಕಂಡ ಫೋಟೊಗಳಲ್ಲೂ ಕಲ್ಲಿನ ಮೇಲಿನ ಅಕ್ಷರ ಓದಲಾಗುವುದಿಲ್ಲ ಎನ್ನುತ್ತಾರೆ. ನನ್ನ ಬಳಿ ಇಲ್ಲದ ಕಲ್ಲುಗಳಿಗೆ ಬೇರೆಯವರ ಫೋಟೊ ಬಳಸಬಹುದೇ ಎಂಬ ಅನುಮಾನವೂ ಇದೆ. ಏನು ಮಾಡಲಿ?

ಉತ್ತರ: ನಮಸ್ಕಾರ ಮೇಡಂ. ನಿಮ್ಮ ಮೊದಲ ಎರಡು ತೊಂದರೆಗಳ ಬೇರು ಒಂದೇ. ನಿಮ್ಮ ಬರಹದೊಳಗೆ ಫೋಟೊ ಯಾವತ್ತೂ ಇರಲೇ ಇಲ್ಲ. ಅಲ್ಲಿದ್ದದ್ದು ಫೋಟೊದ ವಿಳಾಸ ಮಾತ್ರ. ಫೋಟೊ ಬೇರೆ ಯಾರದೋ ಕಂಪ್ಯೂಟರಿನಲ್ಲಿತ್ತು. ಅಲ್ಲಿಂದ ಅದು ಹೋದ ದಿನ ನಿಮ್ಮ ಬರಹದಲ್ಲೂ ಕಾಣದಾಯಿತು.

ಇದು ಹೇಗೆ ನಡೆಯುತ್ತದೆ ಎಂದು ತಿಳಿದುಕೊಂಡರೆ ಮುಂದಿನದೆಲ್ಲ ಸುಲಭ. ಯಾರಾದರೂ ನಿಮ್ಮ ಬರಹ ತೆರೆದಾಗ ಅವರ ಬ್ರೌಸರ್ ಮೊದಲು ಅಕ್ಷರಗಳನ್ನು ತರಿಸಿಕೊಳ್ಳುತ್ತದೆ. ಓದುತ್ತಾ ಹೋದಂತೆ 'ಇಲ್ಲಿ ಒಂದು ಚಿತ್ರ, ಅದು ಇಂಥ ವಿಳಾಸದಲ್ಲಿದೆ' ಎಂಬ ಸೂಚನೆ ಸಿಗುತ್ತದೆ. ಆಗ ಬ್ರೌಸರ್ ಆ ವಿಳಾಸಕ್ಕೆ ಹೊಸದಾಗಿ ಹೋಗಿ ಕೇಳುತ್ತದೆ. ಅಲ್ಲಿಂದ ಚಿತ್ರ ಬಂದರೆ ಆ ಜಾಗದಲ್ಲಿ ತೋರಿಸುತ್ತದೆ. ಬರದಿದ್ದರೆ ನೀವು ಹೇಳಿದ ಆ ಹರಿದ ಕಾಗದದ ಗುರುತು. ಪ್ರತಿ ಓದುಗರಿಗೂ, ಪ್ರತಿ ಸಲವೂ ಇದೇ ನಡೆಯಬೇಕು. ಅಂದರೆ ನೀವು 2012ರಲ್ಲಿ ಹಾಕಿದ ಫೋಟೊ ಇವತ್ತು ಕಾಣಬೇಕಾದರೆ, ಅಂದು ಅದನ್ನು ಇಟ್ಟುಕೊಂಡ ಕಂಪನಿ ಇವತ್ತೂ ಬದುಕಿರಬೇಕು. ಅದೇ ವಿಳಾಸದಲ್ಲಿ ಅದೇ ಫೈಲ್ ಇಟ್ಟುಕೊಂಡಿರಬೇಕು. ಬೇರೆ ಕಡೆಯಿಂದ ಕೇಳಿದವರಿಗೂ ಕೊಡಲು ಒಪ್ಪಿರಬೇಕು.

ಈ ಪದ್ಧತಿ ಶುರುವಾಗಿದ್ದು 1993ರಲ್ಲಿ. ಆ ವರ್ಷದ ಫೆಬ್ರವರಿ 25ರಂದು, ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿದ್ದ ಮಾರ್ಕ್ ಆಂಡ್ರೀಸನ್, ವೆಬ್ ಕಟ್ಟುತ್ತಿದ್ದ ಇತರರಿಗೆ ಒಂದು ಸಲಹೆ ಬರೆದು ಕಳಿಸಿದರು. ಬರಹದ ನಡುವೆ ಒಂದು ಗುರುತು ಇಡೋಣ, ಅದರಲ್ಲಿ ಚಿತ್ರ ಎಲ್ಲಿದೆ ಎಂಬುದಷ್ಟೇ ಇರಲಿ, ಬ್ರೌಸರ್ ತಂದು ತೋರಿಸಲಿ ಎಂಬುದು ಆ ಸಲಹೆ. ಅವರು ಮತ್ತು ಎರಿಕ್ ಬೀನಾ ಕಟ್ಟಿದ ಮೊಸಾಯಿಕ್ ಬ್ರೌಸರ್ ಅದೇ ವರ್ಷ ಹೊರಬಂತು. ಅಕ್ಷರದ ಪಕ್ಕದಲ್ಲೇ ಚಿತ್ರ ನೋಡುವುದು ಬಹಳ ಜನರಿಗೆ ಸಾಧ್ಯವಾಗಿದ್ದು ಅದರಿಂದಲೇ. ಈಗ ನೀವು ಬರೆಯುವಾಗ ಒತ್ತುವ 'ಇಮೇಜ್' ಬಟನ್ ಹಿಂದೆ ಇರುವುದು ಬಹುಪಾಲು ಅದೇ ಗುರುತು. ಅದು ಬಹಳ ಸರಳ, ಹಗುರ. ಒಂದೇ ಚಿತ್ರವನ್ನು ಸಾವಿರ ಕಡೆ ತೋರಿಸಬಹುದು. ಆದರೆ ಚಿತ್ರ ಅಲ್ಲಿ ಇರುತ್ತದೆ ಎಂಬ ಖಾತ್ರಿ ಮಾತ್ರ ಅದರಲ್ಲಿ ಇಲ್ಲ.

ಆ ಖಾತ್ರಿ ಇಲ್ಲದ್ದರಿಂದ ಏನಾಯಿತು ಎಂಬುದಕ್ಕೆ ಫೋಟೊಬಕೆಟ್‌ಗಿಂತ ದೊಡ್ಡ ಉದಾಹರಣೆ ಬೇಡ. 2003ರಲ್ಲಿ ಶುರುವಾದ ಈ ಸೇವೆಯಲ್ಲಿ ಫೋಟೊ ಉಚಿತವಾಗಿ ಇಟ್ಟು, ಲಿಂಕ್ ತಂದು ಎಲ್ಲಿ ಬೇಕಾದರೂ ತೋರಿಸಬಹುದಿತ್ತು. ಜಗತ್ತಿನ ಲಕ್ಷಾಂತರ ಜನ ಹಾಗೇ ಮಾಡಿದರು. 2017ರ ಜೂನ್ ಕೊನೆಯಲ್ಲಿ ಕಂಪನಿ ನಿಯಮ ಬದಲಿಸಿತು. ಬೇರೆ ಕಡೆ ಫೋಟೊ ತೋರಿಸಬೇಕಾದರೆ ವರ್ಷಕ್ಕೆ 399.99 ಡಾಲರ್ ಕಟ್ಟಿ ಎಂದಿತು. ಆಗಿನ ಲೆಕ್ಕದಲ್ಲಿ ಸುಮಾರು 26 ಸಾವಿರ ರೂಪಾಯಿ. ಕಟ್ಟದವರ ಫೋಟೊ ಇದ್ದ ಜಾಗದಲ್ಲೆಲ್ಲ 'ಖಾತೆ ನವೀಕರಿಸಿ' ಎಂಬ ಅರ್ಥದ ಒಂದೇ ಚಿತ್ರ ಬಂದು ಕೂತಿತು. ಕಾರು ರಿಪೇರಿ, ಹಳೆ ರೇಡಿಯೊ, ಮರಗೆಲಸ ಇಂಥವುಗಳ ಬಗ್ಗೆ ಹಂತಹಂತವಾಗಿ ಫೋಟೊ ಹಾಕಿ ಬರೆದಿದ್ದ ಎಷ್ಟೋ ಒಳ್ಳೆಯ ಬರಹಗಳು ಒಂದೇ ವಾರದಲ್ಲಿ ಅರ್ಥವಾಗದಂತೆ ಆದವು. 'ಈ ಚಿತ್ರದಲ್ಲಿ ತೋರಿಸಿದ ಬೋಲ್ಟ್ ಬಿಚ್ಚಿ' ಎಂದು ಬರೆದಿದೆ, ಚಿತ್ರವೇ ಇಲ್ಲ. ಮರು ವರ್ಷ ಕಂಪನಿ ದರ ಇಳಿಸಿತು. ಆದರೆ ಅಷ್ಟರಲ್ಲಿ ಬಹಳ ಜನ ಬಿಟ್ಟು ಹೋಗಿಯಾಗಿತ್ತು.

ಇದು ಒಂದೇ ಕಂಪನಿಯ ಕಥೆ ಅಲ್ಲ. ಗೂಗಲ್ಲಿನ ಪಿಕಾಸಾ ವೆಬ್ ಆಲ್ಬಂ 2016ರಲ್ಲಿ ನಿಂತಿತು. ಟೈನಿಪಿಕ್ 2019ರಲ್ಲಿ ಮುಚ್ಚಿತು. ಇಮ್ಗರ್ 2023ರಲ್ಲಿ, ಖಾತೆ ಇಲ್ಲದೆ ಹಾಕಿದ, ಬಹಳ ಕಾಲ ಯಾರೂ ನೋಡದ ಹಳೆಯ ಚಿತ್ರಗಳನ್ನು ಅಳಿಸುವುದಾಗಿ ಹೇಳಿ ಮೇ ತಿಂಗಳಿನಿಂದ ಆ ಕೆಲಸ ಶುರು ಮಾಡಿತು. 2025ರ ಸೆಪ್ಟೆಂಬರ್ ಕೊನೆಗೆ ಬ್ರಿಟನ್ನಿನಲ್ಲಿ ಇರುವವರಿಗೆ ತನ್ನ ಸೇವೆಯನ್ನೇ ನಿಲ್ಲಿಸಿತು. ಇಮ್ಗರ್ ಲಿಂಕ್ ಹಾಕಿದ ಕನ್ನಡ ಬರಹ ಬೆಂಗಳೂರಿನಲ್ಲಿ ಸರಿಯಾಗಿ ಕಾಣುತ್ತದೆ, ಲಂಡನ್ನಿನಲ್ಲಿರುವ ಕನ್ನಡಿಗರಿಗೆ ಕಾಣುವುದಿಲ್ಲ. ಹರಟೆ ಸೇವೆಯಾದ ಡಿಸ್ಕಾರ್ಡ್ 2023ರ ಕೊನೆಗೆ ತನ್ನ ಫೈಲ್ ಲಿಂಕ್‌ಗಳು ಹೊರಗಡೆ 24 ಗಂಟೆ ಮಾತ್ರ ನಡೆಯುತ್ತವೆ ಎಂದು ತಿಳಿಸಿತು. ಫೇಸ್‌ಬುಕ್‌ನಿಂದ ಕಾಪಿ ಮಾಡಿದ ಚಿತ್ರದ ವಿಳಾಸಕ್ಕೂ ಅವಧಿ ಇದೆ. ಇವತ್ತು ಕಂಡಿದ್ದು ಕೆಲವು ದಿನ ಬಿಟ್ಟರೆ ಕಾಣುವುದಿಲ್ಲ. ಈ ಕಂಪನಿಗಳನ್ನು ದೂರಿ ಪ್ರಯೋಜನ ಇಲ್ಲ. ಲಕ್ಷಾಂತರ ಜನರ ಫೋಟೊ ಕೂಡಿಡಲು, ದಿನವೂ ಕಳಿಸಲು ದುಡ್ಡು ಬೇಕು. ಉಚಿತವಾಗಿ ಕೊಡುವವರು ಯಾವತ್ತಾದರೂ ಒಂದು ದಿನ ಲೆಕ್ಕ ಹಾಕಿಯೇ ಹಾಕುತ್ತಾರೆ.

ಈಗ ಗೂಗಲ್ ಫೋಟೋಸ್ ವಿಷಯ. ಅಲ್ಲಿ 'ಶೇರ್' ಒತ್ತಿದಾಗ ಸಿಗುವುದು ಚಿತ್ರದ ವಿಳಾಸ ಅಲ್ಲ. ಅದು ಚಿತ್ರವನ್ನು ತೋರಿಸುವ ಒಂದು ಪುಟದ ವಿಳಾಸ. ಸುತ್ತ ಬಟನ್‌ಗಳು, ಹೆಸರು, ಹಿನ್ನೆಲೆ ಎಲ್ಲ ಇರುವ ಪುಟ. ಚಿತ್ರ ಹಾಕಬೇಕಾದ ಜಾಗಕ್ಕೆ ಒಂದು ಇಡೀ ಪುಟದ ವಿಳಾಸ ಕೊಟ್ಟರೆ ಬ್ರೌಸರ್‌ಗೆ ಏನೂ ತೋರಿಸಲು ಆಗುವುದಿಲ್ಲ. ಕೆಲವರು ಫೋಟೊ ಮೇಲೆ ರೈಟ್ ಕ್ಲಿಕ್ ಮಾಡಿ ಚಿತ್ರದ್ದೇ ಉದ್ದನೆಯ ವಿಳಾಸ ತೆಗೆದು ಹಾಕುತ್ತಾರೆ. ನೀವು ಮಾಡಿರುವುದೂ ಇದೇ ಇರಬೇಕು. ಆ ವಿಳಾಸ ನೀವು ಲಾಗಿನ್ ಆಗಿರುವ ಬ್ರೌಸರಿನಲ್ಲಿ ತೆರೆಯುತ್ತದೆ, ಏಕೆಂದರೆ ನೀವು ಯಾರು ಎಂದು ಗೂಗಲ್‌ಗೆ ಗೊತ್ತು. ಜೊತೆಗೆ ನಿಮ್ಮ ಬ್ರೌಸರ್ ಒಮ್ಮೆ ತಂದ ಚಿತ್ರವನ್ನು ಸ್ವಲ್ಪ ಕಾಲ ತನ್ನ ಬಳಿ ಇಟ್ಟುಕೊಂಡಿರುತ್ತದೆ. ಆದ್ದರಿಂದ ನಿಮಗೆ ಎಲ್ಲ ಸರಿ ಇದೆ ಅನ್ನಿಸುತ್ತದೆ. ಓದುಗರಿಗೆ ಆ ಎರಡೂ ಅನುಕೂಲ ಇಲ್ಲ.

ಇದನ್ನು ಪರೀಕ್ಷಿಸುವುದು ಬಹಳ ಸುಲಭ. ಚಿತ್ರದ ವಿಳಾಸವನ್ನು ಕಾಪಿ ಮಾಡಿ, ಬ್ರೌಸರಿನ ಇನ್‌ಕಾಗ್ನಿಟೊ ಕಿಟಕಿಯಲ್ಲಿ ಅಂಟಿಸಿ ತೆರೆಯಿರಿ. ಅಲ್ಲಿ ನೀವು ಯಾರೂ ಅಲ್ಲ, ಹೊಸ ಓದುಗರಿದ್ದ ಹಾಗೆ. ಖಾಲಿ ಕಿಟಕಿಯಲ್ಲಿ ಚಿತ್ರವೊಂದೇ ಬಂದರೆ ಸದ್ಯಕ್ಕೆ ಸರಿ. ಲಾಗಿನ್ ಕೇಳಿದರೆ, ಬಟನ್ ಗಿಟನ್ ಕಂಡರೆ, ಆ ವಿಳಾಸ ಕೆಲಸಕ್ಕೆ ಬರುವುದಿಲ್ಲ. ಬರಹ ಹಾಕಿದ ಮೇಲೆ ಇಡೀ ಬರಹವನ್ನೂ ಹಾಗೇ ಒಮ್ಮೆ ತೆರೆದು ನೋಡಿಬಿಡಿ.

ಹಳೆಯ ಫೋಟೊಗಳನ್ನು ಹುಡುಕುವ ಕೆಲಸಕ್ಕೆ ಬರೋಣ. ಇದಕ್ಕೆ ತಾಳ್ಮೆ ಬೇಕು, ಆದರೆ ಬಹಳಷ್ಟು ಸಿಗುವ ಸಾಧ್ಯತೆ ಇದೆ. ಫೋನ್ ಬಿಟ್ಟು ಕಂಪ್ಯೂಟರಿನಲ್ಲಿ ಕೂತು ಮಾಡಿ. ಹರಿದ ಗುರುತಿನ ಮೇಲೆ ರೈಟ್ ಕ್ಲಿಕ್ ಮಾಡಿದರೆ ಚಿತ್ರದ ವಿಳಾಸ ಕಾಪಿ ಮಾಡುವ ಆಯ್ಕೆ ಬರುತ್ತದೆ. ಬರದಿದ್ದರೆ ನಿಮ್ಮ ಬರಹವನ್ನು 'ಎಡಿಟ್' ಮಾಡಲು ತೆರೆಯಿರಿ, ವಿಳಾಸ ಅಲ್ಲಿ ಅಕ್ಷರ ರೂಪದಲ್ಲಿ ಸಿಗುತ್ತದೆ. ಎಲ್ಲ ವಿಳಾಸಗಳನ್ನೂ ಒಂದು ಕಡೆ ಪಟ್ಟಿ ಮಾಡಿಕೊಳ್ಳಿ. ಪಟ್ಟಿ ನೋಡುತ್ತಿದ್ದಂತೆ ಯಾವ ಯಾವ ಸೇವೆಯಲ್ಲಿ ಇಟ್ಟಿದ್ದಿರಿ ಎಂದು ನೆನಪಾಗುತ್ತದೆ.

ವಿಳಾಸದ ಆರಂಭ ಗಮನಿಸಿ. ಹಳೆಯವು 'ಎಚ್‌ಟಿಟಿಪಿ' ಎಂದು ಶುರುವಾಗುತ್ತವೆ, ಈಗಿನವು ಕೊನೆಗೆ ಒಂದು 'ಎಸ್' ಸೇರಿ 'ಎಚ್‌ಟಿಟಿಪಿಎಸ್' ಆಗಿರುತ್ತವೆ. ಈಗಿನ ಬ್ರೌಸರ್‌ಗಳು ಸುರಕ್ಷಿತ ಪುಟದೊಳಗೆ ಸುರಕ್ಷಿತವಲ್ಲದ ಚಿತ್ರ ಬಂದರೆ ಅದನ್ನು ತಾವೇ ಎಸ್ ಸೇರಿಸಿ ಕೇಳುತ್ತವೆ, ಸಿಗದಿದ್ದರೆ ಬಿಟ್ಟುಬಿಡುತ್ತವೆ. ಹೀಗಾಗಿ ಫೋಟೊ ಅಲ್ಲೇ ಇದ್ದರೂ ಬರಹದಲ್ಲಿ ಕಾಣದಿರಬಹುದು. ಆ ವಿಳಾಸವನ್ನು ಬೇರೆ ಕಿಟಕಿಯಲ್ಲಿ ನೇರವಾಗಿ ತೆರೆದು ನೋಡಿ. ಸಿಕ್ಕರೆ ಕೂಡಲೇ ಇಳಿಸಿಕೊಳ್ಳಿ.

ಸೇವೆ ಇನ್ನೂ ಇದ್ದರೆ ಹಳೆಯ ಇಮೇಲ್‌ನಿಂದ ಲಾಗಿನ್ ಆಗಲು ಪ್ರಯತ್ನಿಸಿ. ಸೇವೆ ಮುಚ್ಚಿದ್ದರೆ ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮೆಷಿನ್‌ಗೆ ಹೋಗಿ. 1996ರಿಂದ ಅವರು ವೆಬ್ ಪುಟಗಳ ಪ್ರತಿ ತೆಗೆದು ಇಡುತ್ತಿದ್ದಾರೆ, 2001ರಿಂದ ಎಲ್ಲರೂ ನೋಡಬಹುದು. ಇಲ್ಲಿ ಬಹಳ ಜನ ಬರಹದ ವಿಳಾಸ ಮಾತ್ರ ಹಾಕಿ ನೋಡಿ, ಸಿಗಲಿಲ್ಲ ಎಂದು ಬಿಟ್ಟುಬಿಡುತ್ತಾರೆ. ಚಿತ್ರದ ವಿಳಾಸವನ್ನೂ ಬೇರೆಯಾಗಿ ಹಾಕಿ ನೋಡಬೇಕು. ಬರಹದ ಪ್ರತಿ ಇಲ್ಲದೆಯೂ ಚಿತ್ರದ ಪ್ರತಿ ಇರುವುದುಂಟು.

ಇನ್ನೊಂದು ದಾರಿ ನಿಮ್ಮ ಮನೆಯಲ್ಲೇ ಇದೆ. ಚಿತ್ರದ ವಿಳಾಸದ ಕೊನೆಯಲ್ಲಿ ಎಷ್ಟೋ ಸಲ ಕ್ಯಾಮೆರಾ ಕೊಟ್ಟ ಮೂಲ ಹೆಸರೇ ಉಳಿದಿರುತ್ತದೆ. ಡಿಎಸ್‌ಸಿ ಅಥವಾ ಐಎಂಜಿ ಎಂದು ಶುರುವಾಗಿ ನಾಲ್ಕು ಅಂಕಿ ಇರುವ ಹೆಸರು. ಆ ಹೆಸರನ್ನು ಹಳೆಯ ಹಾರ್ಡ್ ಡಿಸ್ಕ್, ಸಿಡಿ, ಪೆನ್ ಡ್ರೈವ್, ಮೆಮೊರಿ ಕಾರ್ಡ್‌ಗಳಲ್ಲಿ ಹುಡುಕಿಸಿ. ಕ್ಯಾಮೆರಾದ ಅಂಕಿ 9999 ಮುಟ್ಟಿದ ಮೇಲೆ ಮತ್ತೆ ಮೊದಲಿಂದ ಶುರುವಾಗುತ್ತದೆ, ಹಾಗಾಗಿ ಒಂದೇ ಹೆಸರಿನ ಎರಡು ಫೋಟೊ ಇರಬಹುದು. ತೆಗೆದ ದಿನಾಂಕ ನೋಡಿ ಗುರುತಿಸಿ. ಮೂಲ ಫೋಟೊ ಸಿಕ್ಕರೆ ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ, ಅಲ್ವಾ? ಆನ್‌ಲೈನ್ ಪ್ರತಿ ಸಾಮಾನ್ಯವಾಗಿ ಚಿಕ್ಕದಾಗಿರುತ್ತದೆ.

ಈ ಕೆಲಸವನ್ನು ಮುಂದೂಡಬೇಡಿ ಎಂದು ಕೇಳಿಕೊಳ್ಳುತ್ತೇನೆ. ಬಯಲಲ್ಲಿ, ಕೆರೆ ಏರಿಯ ಮೇಲೆ, ಹೊಲದ ಬದುವಿನಲ್ಲಿ ನಿಂತ ವೀರಗಲ್ಲು ಮಳೆ ಬಿಸಿಲಿಗೆ ಸವೆಯುತ್ತದೆ. ರಸ್ತೆ ಅಗಲ ಮಾಡುವಾಗ ಜಾಗ ಬಿಡುತ್ತದೆ. ನೀವು ಹಿಂದೆ ತೆಗೆದ ಫೋಟೊದಲ್ಲಿ ಕಾಣುವ ಅಕ್ಷರ ಇವತ್ತು ಕಲ್ಲಿನ ಮೇಲೆ ಇಲ್ಲದಿರಬಹುದು. ಆಗ ನಿಮ್ಮ ಫೋಟೊವೇ ಉಳಿದ ದಾಖಲೆ.

ಇನ್ನು ಮುಂದೆ ಹೇಗೆ? ನನ್ನ ಸಲಹೆ ಒಂದೇ: ಬರಹ ಎಲ್ಲಿದೆಯೋ ಫೋಟೊವನ್ನೂ ಅಲ್ಲಿಗೇ ಅಪ್‌ಲೋಡ್ ಮಾಡಿ. ಬರೆಯುವ ಜಾಗದಲ್ಲಿ 'ಅಪ್‌ಲೋಡ್' ಅಥವಾ 'ಅಟ್ಯಾಚ್' ಎಂಬ ಆಯ್ಕೆ ಇದ್ದರೆ ಅದನ್ನೇ ಬಳಸಿ. 'ಲಿಂಕ್ ಅಂಟಿಸಿ' ಎನ್ನುವುದು ಬೇರೆ ದಾರಿ ಇಲ್ಲದಾಗ ಮಾತ್ರ. ಆಗ ಅಕ್ಷರ, ಚಿತ್ರ ಎರಡೂ ಒಂದೇ ಕಡೆ ಇರುತ್ತವೆ. ಒಂದು ಉಳಿದರೆ ಇನ್ನೊಂದೂ ಉಳಿಯುತ್ತದೆ. ಮೂಲ ಫೋಟೊಗಳ ಎರಡು ಪ್ರತಿ ಬೇರೆ ಬೇರೆ ಡಿಸ್ಕ್‌ಗಳಲ್ಲಿ ಮನೆಯಲ್ಲಿ ಇರಲಿ. ಒಂದು ಪ್ರತಿ ಬೇರೆ ಊರಿನ ನೆಂಟರ ಮನೆಯಲ್ಲಿದ್ದರೆ ಇನ್ನೂ ಒಳ್ಳೆಯದು.

ಅಪ್‌ಲೋಡ್ ಮಾಡಲು ಹೋದಾಗ 'ಫೈಲ್ ತುಂಬಾ ದೊಡ್ಡದು' ಎಂಬ ಮಾತು ಬರುತ್ತದೆ. 12 ಮೆಗಾಪಿಕ್ಸೆಲ್ ಫೋನಿನ ಫೋಟೊ ಸುಮಾರು 4000 ಚುಕ್ಕೆ (ಪಿಕ್ಸೆಲ್) ಅಗಲ, 3000 ಚುಕ್ಕೆ ಎತ್ತರ ಇರುತ್ತದೆ. ಮೂರರಿಂದ ಐದು ಎಂಬಿ ತೂಗುತ್ತದೆ. ಓದುಗರ ಫೋನಿನ ಪರದೆಯ ಅಗಲ ಸಾಮಾನ್ಯವಾಗಿ 1080 ಚುಕ್ಕೆ ಅಷ್ಟೇ. ಅಗಲವನ್ನು 1600 ಚುಕ್ಕೆಗೆ ಇಳಿಸಿ, ಜೆಪಿಜಿ ಗುಣಮಟ್ಟ 80ರ ಆಸುಪಾಸು ಇಟ್ಟು ಉಳಿಸಿದರೆ ಅರ್ಧ ಎಂಬಿಯ ಒಳಗೆ ಬರುತ್ತದೆ, ಕಣ್ಣಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ನಾಲ್ಕು ಎಂಬಿಯ ಹತ್ತು ಫೋಟೊ ಇಟ್ಟರೆ ಓದುಗರ ಡೇಟಾದಲ್ಲಿ 40 ಎಂಬಿ ಹೋಗುತ್ತದೆ. ಸಿಗ್ನಲ್ ಕಡಿಮೆ ಇರುವ ಊರಿನವರು ಕಾಯಲಾರದೆ ಮುಚ್ಚಿಬಿಡುತ್ತಾರೆ.

ಅಕ್ಷರ ಓದಲಾಗುವುದಿಲ್ಲ ಎಂಬ ದೂರಿಗೆ ಬೇರೆ ಪರಿಹಾರ ಬೇಕು. ಮೊದಲು ನೋಡಬೇಕಾದ್ದು, ಫೋಟೊ ವಾಟ್ಸ್ಆ್ಯಪ್ ಮೂಲಕ ಬಂದಿದೆಯೇ ಎಂದು. ಬಹಳ ಜನ ಫೋನಿನಲ್ಲಿ ತೆಗೆದು, ತಮಗೇ ವಾಟ್ಸ್ಆ್ಯಪ್ ಮಾಡಿಕೊಂಡು, ಕಂಪ್ಯೂಟರಿನಲ್ಲಿ ಇಳಿಸಿಕೊಳ್ಳುತ್ತಾರೆ. ವಾಟ್ಸ್ಆ್ಯಪ್ ಫೋಟೊವನ್ನು ಕುಗ್ಗಿಸಿ, ಹಿಂಡಿ ಕಳಿಸುತ್ತದೆ. ಜೆಪಿಜಿ ವಿಧಾನವು ಚಿತ್ರವನ್ನು 8 ಚುಕ್ಕೆ ಅಗಲ, 8 ಚುಕ್ಕೆ ಎತ್ತರದ ಚೌಕಗಳಾಗಿ ಮಾಡಿ, ಪ್ರತಿ ಚೌಕದಲ್ಲಿ ಸೂಕ್ಷ್ಮ ಗೆರೆಗಳನ್ನು ಕೈಬಿಡುತ್ತದೆ. ಮುಖ, ಆಕಾಶ, ಮರ ಇಂಥವಕ್ಕೆ ತೊಂದರೆ ಇಲ್ಲ. ಆದರೆ ಕಲ್ಲಿನ ಮೇಲೆ ತೆಳುವಾಗಿ ಕೊರೆದ ಅಕ್ಷರಕ್ಕೆ ಆ ಸೂಕ್ಷ್ಮ ಗೆರೆಯೇ ಜೀವ. ಒತ್ತಕ್ಷರ, ಗುಣಿತದ ಕೊಂಬು ಮೊದಲು ಹೋಗುತ್ತವೆ. ತೆರೆದು ಉಳಿಸಿದಷ್ಟು ಸಲ ನಷ್ಟ ಜಾಸ್ತಿ. ವಾಟ್ಸ್ಆ್ಯಪ್‌ನಲ್ಲೇ ಕಳಿಸಬೇಕಾದರೆ 'ಗ್ಯಾಲರಿ' ಬದಲು 'ಡಾಕ್ಯುಮೆಂಟ್' ಎಂಬ ದಾರಿಯಲ್ಲಿ ಕಳಿಸಿ, ಮೂಲ ಫೈಲ್ ಹಾಗೇ ಹೋಗುತ್ತದೆ. ಕೇಬಲ್ ಹಾಕಿ ಕಾಪಿ ಮಾಡಿಕೊಂಡರೆ ಇನ್ನೂ ಸರಿ.

ಇದಕ್ಕಿಂತ ದೊಡ್ಡ ಉಪಾಯ ಫೋಟೊ ಜೋಡಿಸುವ ಬಗೆಯಲ್ಲಿದೆ. ವೀರಗಲ್ಲಿಗೆ ಸಾಮಾನ್ಯವಾಗಿ ಮೂರು ಹಂತ ಇರುತ್ತದೆ. ಕೆಳಗೆ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಕರೆದೊಯ್ಯುವುದು, ಮೇಲೆ ಶಿವಲಿಂಗದ ಮುಂದೆ ಕೂತ ವೀರ. ಶಾಸನ ಇರುವುದು ಹೆಚ್ಚಾಗಿ ಈ ಹಂತಗಳ ನಡುವಿನ ಪಟ್ಟಿಗಳಲ್ಲಿ. ಇಡೀ ಕಲ್ಲಿನ ಒಂದೇ ಫೋಟೊ ಹಾಕಿ, ಓದುಗರು ಪಟ್ಟಿಯ ಅಕ್ಷರ ಓದಲಿ ಎಂದರೆ ಆಗುವುದಿಲ್ಲ. 1600 ಚುಕ್ಕೆಯ ಚಿತ್ರದಲ್ಲಿ ಆ ಪಟ್ಟಿಗೆ ಸಿಗುವ ಪಾಲು ತುಂಬಾ ಕಡಿಮೆ. ಮೊದಲು ಇಡೀ ಕಲ್ಲಿನ ಒಂದು ಫೋಟೊ ಇಡಿ. ಆಮೇಲೆ ಪ್ರತಿ ಪಟ್ಟಿಯನ್ನು ಮೂಲ ಫೋಟೊದಿಂದ ಕತ್ತರಿಸಿ, ಇಲ್ಲವೇ ಹತ್ತಿರದಿಂದ ಬೇರೆ ತೆಗೆದು, ನಿಮ್ಮ ವಿವರಣೆಯ ಪಕ್ಕದಲ್ಲೇ ಒಂದೊಂದಾಗಿ ಇಡಿ. ಎಲ್ಲ ಫೋಟೊಗಳನ್ನೂ ಕೊನೆಯಲ್ಲಿ ಒಟ್ಟಿಗೆ ಸುರಿಯಬೇಡಿ. ಮಾತು ಎಲ್ಲಿದೆಯೋ ಚಿತ್ರ ಅಲ್ಲಿರಬೇಕು. ಶಾಸನದ ಕೈಬರಹದ ನಕಲು, ಗೆರೆಚಿತ್ರ, ನಕ್ಷೆ ಇವನ್ನು ಮಾತ್ರ ಜೆಪಿಜಿ ಬದಲು ಪಿಎನ್‌ಜಿ ಆಗಿ ಉಳಿಸಿ. ಪಿಎನ್‌ಜಿ ಗೆರೆಯನ್ನು ಹಿಂಡುವುದಿಲ್ಲ.

ಪೂರ್ತಿ ಗಾತ್ರದ ಫೋಟೊ ಎಲ್ಲರಿಗೂ ಸಿಗಬೇಕು ಅಂದರೆ ವಿಕಿಮೀಡಿಯಾ ಕಾಮನ್ಸ್ ನೋಡಿ. 2004ರಿಂದ ನಡೆಯುತ್ತಿರುವ ಉಚಿತ ಚಿತ್ರ ಭಂಡಾರ ಅದು. ಕನ್ನಡ ವಿಕಿಪೀಡಿಯದ ಲೇಖನಗಳಲ್ಲಿ ಕಾಣುವ ಬಹಳಷ್ಟು ಫೋಟೊಗಳು ಅಲ್ಲಿಂದಲೇ ಬರುತ್ತವೆ. ಅಲ್ಲಿ ಮೂಲ ಗಾತ್ರದ ಫೈಲ್ ಹಾಗೇ ಉಳಿಯುತ್ತದೆ, ಬೇಕಾದ ಚಿಕ್ಕ ಗಾತ್ರಗಳನ್ನು ಅದೇ ಮಾಡಿಕೊಡುತ್ತದೆ. ವಿವರವನ್ನು ಕನ್ನಡದಲ್ಲೇ ಬರೆಯಬಹುದು. ನಿಮ್ಮ ಬರಹದಲ್ಲಿ ಚಿಕ್ಕ ಫೋಟೊ ಅಪ್‌ಲೋಡ್ ಮಾಡಿ, ಕೆಳಗೆ 'ದೊಡ್ಡದಾಗಿ ನೋಡಿ' ಎಂದು ಕಾಮನ್ಸ್ ಪುಟದ ಲಿಂಕ್ ಕೊಡಿ. ಒಂದು ಮಾತು ಮಾತ್ರ ಗಮನದಲ್ಲಿರಲಿ. ಅಲ್ಲಿ ಹಾಕಿದ ಫೋಟೊವನ್ನು ಯಾರು ಬೇಕಾದರೂ, ವ್ಯಾಪಾರಕ್ಕೂ, ಬಳಸಬಹುದು ಎಂದು ನೀವು ಒಪ್ಪಬೇಕು. ಹೆಸರು ಹೇಳಬೇಕೆಂಬ ಷರತ್ತು ಇರುವ ಪರವಾನಗಿ ಆರಿಸಿಕೊಳ್ಳಬಹುದು. ಒಮ್ಮೆ ಕೊಟ್ಟ ಒಪ್ಪಿಗೆ ವಾಪಸ್ ತೆಗೆದುಕೊಳ್ಳಲು ಬರುವುದಿಲ್ಲ. ನಿಮ್ಮಂಥ ಕೆಲಸಕ್ಕೆ ಇದು ಒಳ್ಳೆಯ ಜಾಗ ಎಂದೇ ನನ್ನ ಅಭಿಪ್ರಾಯ. ವೀರಗಲ್ಲಿನ ಫೋಟೊ ಹೆಚ್ಚು ಕಡೆ ಹರಡಿದಷ್ಟೂ ಉಳಿಯುವ ಸಾಧ್ಯತೆ ಹೆಚ್ಚು.

ಸಣ್ಣ ತೊಡಕುಗಳು ಕೆಲವಿವೆ. ಐಫೋನ್ 2017ರಿಂದ ಫೋಟೊಗಳನ್ನು ಎಚ್‌ಇಐಸಿ ಎಂಬ ಬಗೆಯಲ್ಲಿ ಉಳಿಸುತ್ತದೆ. ಕ್ರೋಮ್‌ನಂಥ ಬ್ರೌಸರ್ ಅದನ್ನು ತೋರಿಸುವುದಿಲ್ಲ. ಕ್ಯಾಮೆರಾ ಸೆಟ್ಟಿಂಗ್ಸ್‌ನಲ್ಲಿ 'ಮೋಸ್ಟ್ ಕಂಪ್ಯಾಟಿಬಲ್' ಆರಿಸಿದರೆ ಜೆಪಿಜಿ ಸಿಗುತ್ತದೆ. ಫೋಟೊ ಅಡ್ಡ ತಿರುಗಿ ಕಂಡರೆ, ಕಂಪ್ಯೂಟರಿನಲ್ಲಿ ಒಮ್ಮೆ ತಿರುಗಿಸಿ ಹೊಸದಾಗಿ ಉಳಿಸಿ ಹಾಕಿ. ಫೈಲಿಗೆ ಹೆಸರು ಇಡುವಾಗ ಇಂಗ್ಲಿಷ್ ಸಣ್ಣಕ್ಷರ, ಅಂಕಿ, ನಡುವೆ ಅಡ್ಡಗೆರೆ ಇಷ್ಟೇ ಇರಲಿ, ಖಾಲಿ ಜಾಗ ಬೇಡ. ಕನ್ನಡದಲ್ಲಿ ಹೆಸರಿಟ್ಟರೆ ತಪ್ಪಲ್ಲ, ಆದರೆ ವಿಳಾಸದಲ್ಲಿ ಒಂದೊಂದು ಅಕ್ಷರ ಭಾಗವೂ ಒಂಬತ್ತು ಚಿಹ್ನೆಗಳಾಗಿ ಬಿಚ್ಚಿಕೊಳ್ಳುತ್ತದೆ. 'ವೀರಗಲ್ಲು' ಎಂಬ ಒಂದು ಪದವೇ 72 ಚಿಹ್ನೆ ಆಗುತ್ತದೆ. ಅಷ್ಟು ಉದ್ದದ ವಿಳಾಸ ಕಾಪಿ ಮಾಡುವಾಗ ಎಲ್ಲೋ ತುಂಡಾಗಿ, ಚಿತ್ರ ಕಾಣದಾಗುತ್ತದೆ.

ಬೇರೆಯವರ ಫೋಟೊ ಬಗ್ಗೆ ಕೇಳಿದ್ದೀರಿ. ಕಲ್ಲು ಸಾವಿರ ವರ್ಷದ್ದಾದರೂ ಅದರ ಫೋಟೊ, ತೆಗೆದವರದು. ನಮ್ಮ 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಫೋಟೊ ತೆಗೆದವರು ಬದುಕಿರುವಷ್ಟು ಕಾಲ, ಅವರು ತೀರಿಕೊಂಡ ಮುಂದಿನ ವರ್ಷದಿಂದ ಇನ್ನೂ 60 ವರ್ಷ ಹಕ್ಕು ಇರುತ್ತದೆ. 'ಇಂಟರ್ನೆಟ್‌ನಲ್ಲಿ ಸಿಕ್ಕಿತು' ಎಂಬುದು ಅನುಮತಿ ಆಗುವುದಿಲ್ಲ. 'ಕೃಪೆ: ಗೂಗಲ್' ಎಂದು ಬರೆಯುವುದಂತೂ ಸುಮ್ನೆ. ಗೂಗಲ್ ಫೋಟೊ ತೆಗೆದಿಲ್ಲ. ಶಾಸನಗಳನ್ನು ಸಂಗ್ರಹಿಸಿ ಪ್ರಕಟಿಸಿದ ಬಿ.ಎಲ್. ರೈಸ್ ಅವರ ಕಾಲದ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಲ್ಲಿನ ಚಿತ್ರಗಳ ಅವಧಿ ಮುಗಿದು ಬಹಳ ಕಾಲವಾಗಿದೆ, ಅವನ್ನು ಧಾರಾಳವಾಗಿ ಬಳಸಿ. ಇತ್ತೀಚಿನ ಫೋಟೊ ಆದರೆ ತೆಗೆದವರನ್ನು ಕೇಳಿ. ಶಾಸನದ ಆಸಕ್ತಿ ಇರುವವರು ಕೇಳಿದರೆ ಕೊಡುತ್ತಾರೆ, ಖುಷಿಯಿಂದಲೇ ಕೊಡುತ್ತಾರೆ. ಅನುಮತಿ ಸಿಕ್ಕ ಮೇಲೆ ಫೈಲನ್ನೇ ತರಿಸಿಕೊಂಡು ಅಪ್‌ಲೋಡ್ ಮಾಡಿ, ಹೆಸರು ಹಾಕಿ.

ಅವರ ಸೈಟಿನಲ್ಲಿರುವ ಚಿತ್ರದ ವಿಳಾಸವನ್ನು ಎತ್ತಿಕೊಂಡು ನಿಮ್ಮ ಬರಹದಲ್ಲಿ ತೋರಿಸುವುದು ಬೇಡವೇ ಬೇಡ. ಇದಕ್ಕೆ ಹಾಟ್‌ಲಿಂಕಿಂಗ್ ಎನ್ನುತ್ತಾರೆ. ಪಕ್ಕದ ಮನೆಯ ನಲ್ಲಿಗೆ ಪೈಪ್ ಸಿಕ್ಕಿಸಿ ನಮ್ಮ ತೋಟಕ್ಕೆ ನೀರು ಬಿಟ್ಟ ಹಾಗೆ. ನಿಮ್ಮ ಓದುಗರು ನೋಡಿದಷ್ಟು ಸಲವೂ ಖರ್ಚು ಅವರದು. ಅಷ್ಟೇ ಅಲ್ಲ, ನಿಮ್ಮ ಬರಹದಲ್ಲಿ ಏನು ಕಾಣಬೇಕು ಎಂಬುದು ಅವರ ಕೈಯಲ್ಲಿರುತ್ತದೆ. 2007ರಲ್ಲಿ ಅಮೆರಿಕದ ಅಧ್ಯಕ್ಷ ಸ್ಥಾನಕ್ಕೆ ಹೊರಟಿದ್ದ ಜಾನ್ ಮೆಕೇನ್ ಅವರ ಮೈಸ್ಪೇಸ್ (ಆಗಿನ ಒಂದು ಸಾಮಾಜಿಕ ಜಾಲತಾಣ) ಪುಟ, ಮೈಕ್ ಡೇವಿಡ್‌ಸನ್ ಎಂಬ ವಿನ್ಯಾಸಕಾರರ ಸರ್ವರಿನಿಂದ ನೇರವಾಗಿ ಚಿತ್ರ ತೋರಿಸುತ್ತಿತ್ತು. ಡೇವಿಡ್‌ಸನ್ ಅದೇ ಹೆಸರಿನಲ್ಲಿ ಬೇರೆ ಚಿತ್ರ ಇಟ್ಟರು. ಸಲಿಂಗ ವಿವಾಹಕ್ಕೆ ತಮ್ಮ ಪೂರ್ಣ ಬೆಂಬಲ ಇದೆ ಎಂದು ಮೆಕೇನ್ ಅವರೇ ಹೇಳಿದಂತೆ ಅದರಲ್ಲಿ ಬರೆದಿತ್ತು. ಅವರ ಪುಟದಲ್ಲೇ ಅದು ಕಾಣಿಸಿಕೊಂಡಿತು. ಸೈಟ್ ಮುಚ್ಚಿ ಅದರ ಹೆಸರನ್ನು ಬೇರೆಯವರು ಕೊಂಡರಂತೂ ಏನು ಬೇಕಾದರೂ ಆಗಬಹುದು. ವಿಡ್‌ಮಿ ಎಂಬ ವಿಡಿಯೊ ಸೇವೆ 2017ರಲ್ಲಿ ಮುಚ್ಚಿತ್ತು. 2021ರಲ್ಲಿ ಅದರ ಹೆಸರು ಅಶ್ಲೀಲ ವಿಡಿಯೊ ಕಂಪನಿಯೊಂದರ ಕೈ ಸೇರಿತು. ವಾಷಿಂಗ್ಟನ್ ಪೋಸ್ಟ್‌ನಂಥ ಪತ್ರಿಕೆಗಳ ಹಳೆಯ ಸುದ್ದಿಗಳ ನಡುವೆ ಆ ವಿಡಿಯೊಗಳು ಕಾಣಿಸಿಕೊಂಡವು. ಪತ್ರಿಕೆಯವರು ತಮ್ಮ ಪುಟದಲ್ಲಿ ಒಂದಕ್ಷರವನ್ನೂ ಬದಲಿಸಿರಲಿಲ್ಲ.

ನೀವು ಕೇಳದ ಒಂದು ವಿಷಯವನ್ನು ಹೇಳಲೇಬೇಕು. ಫೋನಿನಲ್ಲಿ ತೆಗೆದ ಫೋಟೊದೊಳಗೆ ತೆಗೆದ ದಿನ, ಸಮಯದ ಜೊತೆ ಅಕ್ಷಾಂಶ ರೇಖಾಂಶವೂ ಅಡಗಿರಬಹುದು. ಎಕ್ಸಿಫ್ ಎಂದು ಅದಕ್ಕೆ ಹೆಸರು. 2012ರ ಡಿಸೆಂಬರ್‌ನಲ್ಲಿ, ಬೆಲೀಜ್ ಪೊಲೀಸರಿಗೆ ಬೇಕಾಗಿದ್ದ, ಆಂಟಿವೈರಸ್ ತಂತ್ರಾಂಶದಿಂದ ಹೆಸರಾದ ಜಾನ್ ಮ್ಯಾಕಫಿ ಎಲ್ಲಿದ್ದಾರೆ ಎಂಬುದು ಹೊರಬಿದ್ದದ್ದು ವೈಸ್ ಪತ್ರಿಕೆ ಹಾಕಿದ ಒಂದು ಫೋಟೊದಿಂದ. ಅವರು ಗ್ವಾಟೆಮಾಲಾದಲ್ಲಿದ್ದಾರೆ ಎಂದು ಅದರೊಳಗಿನ ಅಂಕಿಗಳು ಹೇಳಿದವು. ನಿಮ್ಮ ವಿಷಯದಲ್ಲಿ ಭಯ ಬೇರೆ. ನಿಧಿ ಆಸೆಗೆ ಹಳೆಯ ಗುಡಿ, ಕಲ್ಲುಗಳ ಬುಡ ಅಗೆಯುವವರು ನಮ್ಮ ರಾಜ್ಯದಲ್ಲಿ ಎಷ್ಟು ಜನ ಇದ್ದಾರೆ ಎಂದು ನಿಮಗೇ ಗೊತ್ತು. ಊರಾಚೆ, ಕಾವಲಿಲ್ಲದ ಕಲ್ಲಿನ ನಿಖರ ಜಾಗವನ್ನು ಅವರಿಗೆ ನಾವೇ ಕೊಟ್ಟಂತೆ ಆಗಬಾರದು. ವಿಂಡೋಸ್‌ನಲ್ಲಿ ಫೈಲಿನ ಪ್ರಾಪರ್ಟೀಸ್, ಅದರಲ್ಲಿ ಡೀಟೇಲ್ಸ್‌ಗೆ ಹೋದರೆ ಈ ಮಾಹಿತಿ ತೆಗೆಯುವ ಆಯ್ಕೆ ಇದೆ. ಐಫೋನಿನಲ್ಲಿ ಶೇರ್ ಮಾಡುವಾಗ 'ಆಪ್ಶನ್ಸ್' ಒತ್ತಿ 'ಲೊಕೇಶನ್' ಆಫ್ ಮಾಡಬಹುದು. ಆದರೆ ಮನೆಯಲ್ಲಿ ಇಟ್ಟುಕೊಳ್ಳುವ ಮೂಲ ಪ್ರತಿಯಿಂದ ಮಾತ್ರ ತೆಗೆಯಬೇಡಿ. ಮುಂದೊಂದು ದಿನ ಆ ಕಲ್ಲು ಎಲ್ಲಿತ್ತು ಎಂದು ಹೇಳಲು ಅದೇ ಸಾಕ್ಷಿ.

ಕೊನೆಯದಾಗಿ, ಚಿತ್ರದ ಜೊತೆಗೆ ಬರೆಯುವ ಮಾತು. ಚಿತ್ರ ಸೇರಿಸುವಾಗ 'ಆಲ್ಟ್ ಟೆಕ್ಸ್ಟ್' ಅಥವಾ 'ವಿವರಣೆ' ಎಂಬ ಸಣ್ಣ ಜಾಗ ಕಾಣುತ್ತದೆ. ಹೆಚ್ಚಿನವರು ಅದನ್ನು ಖಾಲಿ ಬಿಡುತ್ತಾರೆ. ಕಣ್ಣು ಕಾಣದ ಓದುಗರ ಫೋನ್ ಅಥವಾ ಕಂಪ್ಯೂಟರ್ ಚಿತ್ರದ ಬದಲು ಓದಿ ಹೇಳುವುದು ಆ ಮಾತನ್ನೇ. ಎನ್‌ವಿಡಿಎ ಎಂಬ ಉಚಿತ ತಂತ್ರಾಂಶ ಕನ್ನಡವನ್ನೂ ಓದುತ್ತದೆ. ಚಿತ್ರ ಬರದಿದ್ದಾಗ ಬ್ರೌಸರ್ ಆ ಜಾಗದಲ್ಲಿ ತೋರಿಸುವುದೂ ಅದನ್ನೇ. ನಿಮ್ಮ ಹಳೆಯ ಬರಹಗಳಲ್ಲಿ ಆ ಮಾತು ಇದ್ದಿದ್ದರೆ, ಫೋಟೊ ಹೋದ ಮೇಲೂ ಅಲ್ಲಿ ಯಾವ ಕಲ್ಲು ಇತ್ತು ಎಂದಾದರೂ ತಿಳಿಯುತ್ತಿತ್ತು. 'ಫೋಟೊ 1' ಎಂದು ಬರೆಯಬೇಡಿ. 'ಕುದುರೆ ಏರಿದ ವೀರ, ಎದುರು ಬಿಲ್ಲು ಹಿಡಿದ ಇಬ್ಬರು, ಕೆಳಗೆ ಹಸುಗಳ ಸಾಲು' ಎಂದು ಬರೆಯಿರಿ. ಫೋಟೊದ ಕೆಳಗೆ ಊರು, ತಾಲ್ಲೂಕು, ತೆಗೆದ ತಿಂಗಳು ವರ್ಷ ಇರಲಿ.

ಶಾಸನದ ಪಾಠವನ್ನೂ ಚಿತ್ರವಾಗಿ ಹಾಕಬೇಡಿ, ಟೈಪ್ ಮಾಡಿ. ಹಿಂದೆ ಓದುಗರ ಕಂಪ್ಯೂಟರಿನಲ್ಲಿ ಕನ್ನಡ ಫಾಂಟ್ ಇರುತ್ತದೋ ಇಲ್ಲವೋ ಎಂಬ ಹೆದರಿಕೆಯಿಂದ ಎಷ್ಟೋ ಜನ ಕನ್ನಡವನ್ನೇ ಚಿತ್ರ ಮಾಡಿ ಹಾಕುತ್ತಿದ್ದರು. ಯೂನಿಕೋಡ್ ಬಂದ ಮೇಲೆ ಅದರ ಅಗತ್ಯ ಇಲ್ಲ. ಹಳಗನ್ನಡದ ಱ, ೞ ಕೂಡ ಯೂನಿಕೋಡ್‌ನಲ್ಲಿವೆ. ಸವೆದು ಹೋದ ಅಕ್ಷರಗಳಿಗೆ ಚುಕ್ಕೆ ಇಡಿ, ಸಾಲು ಸಾಲಾಗಿ ಕಲ್ಲಿನ ಮೇಲೆ ಇದ್ದಂತೆಯೇ ಬರೆಯಿರಿ. ಚಿತ್ರದೊಳಗಿನ ಅಕ್ಷರವನ್ನು ಹುಡುಕಿ ತೆಗೆಯುವುದು ಕಷ್ಟ. ಟೈಪ್ ಮಾಡಿದ್ದಾದರೆ ಆ ವೀರನ ಹೆಸರನ್ನೋ ಆ ಊರಿನ ಹಳೆಯ ಹೆಸರನ್ನೋ ಹುಡುಕುವವರು ನೇರವಾಗಿ ನಿಮ್ಮ ಬರಹಕ್ಕೆ ಬರುತ್ತಾರೆ.